‘ಬಿಸಿಲ ನಾಡಿಗೆ ಎರಡು ಥೌ ಹೆಚ್ಚು’: ಒಂದು ಗ್ಯಾರೇಜು ಸೂತ್ರದ ವಿಮರ್ಶೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ - ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳ ಗ್ಯಾರೇಜುಗಳಲ್ಲಿ ನಾನು ಮತ್ತೆ ಮತ್ತೆ ಕೇಳಿರುವ ಒಂದು ಮಾತಿದೆ. ಟೂ-ಸ್ಟ್ರೋಕ್ ಎಂಜಿನ್ನಿನ ಬೋರ್ ಹೋಗಿ, ಹೊಸ ಪಿಸ್ಟನ್ ಕೂಡಿಸುವ ಹೊತ್ತಿನಲ್ಲಿ ಈ ಮಾತು ಬರುತ್ತದೆ. “ಕಾಕಾ, ನಮ್ದು ಬಿಸಲ ನಾಡ್ರಿ. ಪುಸ್ತಕದಾಗ ಬರದಷ್ಟ ಇಟ್ರ ಇಂಜಿನ್ ಹಿಡೀತೈತ್ರಿ. ಎರಡ ಥೌ ಜಾಸ್ತಿ ಇಡೂಣು.” ಥೌ ಎಂದರೆ ಒಂದು ಅಂಗುಲದ ಸಾವಿರದಲ್ಲಿ ಒಂದು ಪಾಲು, ಅಂದರೆ 0.0254 ಮಿ.ಮೀ. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಬಿಡಬೇಕಾದ ಸಡಿಲಕ್ಕೆ, ಅಂದರೆ ‘ಕ್ಲಿಯರೆನ್ಸ್’ಗೆ, ಬಿಸಿಲಿನ ಹೆಸರಿನಲ್ಲಿ ಇನ್ನೆರಡು ಥೌ ಸೇರಿಸಬೇಕು ಎಂಬುದು ಈ ಸೂತ್ರದ ಅರ್ಥ.

ಇದನ್ನು ಹೇಳುವವರು ಅಡ್ಡಾದಿಡ್ಡಿ ಕೆಲಸದವರಲ್ಲ. ಅನುಭವಿಗಳು, ನಂಬಿಕೆಗೆ ಅರ್ಹರು. ಆದ್ದರಿಂದಲೇ ಈ ಸೂತ್ರವನ್ನು ನಕ್ಕು ತಳ್ಳಿಹಾಕದೆ ಲೆಕ್ಕಕ್ಕೆ ಇಟ್ಟು ನೋಡುವುದು ಅಗತ್ಯ. ಟೂ-ಸ್ಟ್ರೋಕ್ ಹಳೆಯದಾಯಿತು, ಈಗೇಕೆ ಈ ಚರ್ಚೆ ಎಂದು ಕೇಳಬಹುದು. ಯಮಹಾ ಆರ್‌ಎಕ್ಸ್ 100 ನಮ್ಮ ದೇಶದಲ್ಲಿ ತಯಾರಾದದ್ದು 1985ರಿಂದ 1996ರವರೆಗೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಯೆಜ್ಡಿ ತಯಾರಿಕೆಯನ್ನು ನಿಲ್ಲಿಸಿದ್ದೂ 1996ರಲ್ಲೇ. ಇವುಗಳ ಮೂಲ ಬ್ಲಾಕುಗಳು ದಿನೇ ದಿನೇ ಕಡಿಮೆಯಾಗುತ್ತಿವೆ. ಪ್ರತಿ ಸಲ ಬೋರ್ ಮಾಡಿಸಿದಾಗಲೂ ಗೋಡೆ ಕಾಲು ಮಿಲಿಮೀಟರಿನಷ್ಟೋ ಅರ್ಧ ಮಿಲಿಮೀಟರಿನಷ್ಟೋ ಹಿಗ್ಗುತ್ತದೆ. ಓವರ್‌ಸೈಜ್ ಪಿಸ್ಟನ್ ಸಾಮಾನ್ಯವಾಗಿ ಸಿಗುವುದು 25, 50, 75, 100 ಎಂಬ ನಾಲ್ಕು ಮೆಟ್ಟಿಲುಗಳಲ್ಲಿ. ಅದು ಮುಗಿದರೆ ಬ್ಲಾಕಿನ ಆಯುಷ್ಯವೂ ಮುಗಿದಂತೆ, ಇಲ್ಲವೆ ಹೊಸ ಸ್ಲೀವ್ ಹಾಕಿಸಬೇಕು. ಇನ್ನೊಂದು ಕಡೆ ಇಂಡಿಯ ಲಿಂಬೆ ತೋಟದಲ್ಲಿ, ಜಿಲ್ಲೆಯ ದ್ರಾಕ್ಷಿ ತೋಟಗಳಲ್ಲಿ ಬೆನ್ನಿಗೆ ಹೊರುವ ಟೂ-ಸ್ಟ್ರೋಕ್ ಸ್ಪ್ರೇಯರ್ ಇನ್ನೂ ದುಡಿಯುತ್ತಿದೆ. ಅಕ್ಟೋಬರ್ ಚಾಟ್ನಿಯ ನಂತರ ಮೋಡ ಮುಸುಕಿ, ಡೌನಿ ರೋಗ ಕಾಲಿಡುವ ವಾರದಲ್ಲಿ ಅದರ ಎಂಜಿನ್ ಹಿಡಿದು ಕೂತರೆ ಏನಾಗುತ್ತದೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಮೋಟಾರ್ ಸೈಕಲ್ಲಿನಲ್ಲಂತೂ ಎಂಜಿನ್ ಹಿಡಿಯುವುದೆಂದರೆ ಹಿಂದಿನ ಗಾಲಿ ಓಡುತ್ತಿರುವಾಗಲೇ ಕಚ್ಚಿ ನಿಲ್ಲುವುದು.

ಮೊದಲು ಸೂತ್ರದ ಬಿಸಿಲಿನ ಭಾಗವನ್ನೇ ನೋಡೋಣ.

ಪಿಸ್ಟನ್ ಮಾಡುವುದು ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಮಿಶ್ರಲೋಹದಿಂದ. ಬೋರಿನ ಒಳಗೋಡೆ ಹೆಚ್ಚಿನ ಹಳೆಯ ಎಂಜಿನ್ನುಗಳಲ್ಲಿ ಎರಕದ ಕಬ್ಬಿಣದ್ದು. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಪಿಸ್ಟನ್ ಲೋಹ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 19 ಪಾಲು ಹಿಗ್ಗುತ್ತದೆ. ಎರಕದ ಕಬ್ಬಿಣ ಸುಮಾರು 11 ಪಾಲು ಮಾತ್ರ. ಈ 8 ಪಾಲಿನ ವ್ಯತ್ಯಾಸವೇ ಕ್ಲಿಯರೆನ್ಸ್ ಬಿಡಲು ಮೂಲ ಕಾರಣ. ಆರ್‌ಎಕ್ಸ್ 100ರ ಬೋರ್ 50 ಮಿ.ಮೀ. ಇಂಥ ಗಾಳಿತಂಪಿನ ಎಂಜಿನ್ನಿಗೆ, ಎರಕದ ಪಿಸ್ಟನ್ನಿಗೆ ಸಾಮಾನ್ಯವಾಗಿ ಬಿಡುವ ಸಡಿಲ 0.035ರಿಂದ 0.05 ಮಿ.ಮೀ. ‘ಅಂಗುಲಕ್ಕೊಂದು ಥೌ’ ಎಂಬ ಹಳೆಯ ನಿಯಮವೂ ಇಲ್ಲಿಗೇ ತಂದು ನಿಲ್ಲಿಸುತ್ತದೆ: ಎರಡಂಗುಲದ ಬೋರಿಗೆ ಎರಡು ಥೌ.

ಈಗ 0.045 ಮಿ.ಮೀ. ಬಿಟ್ಟು ಜೋಡಿಸಿದ್ದೇವೆ ಎಂದಿಟ್ಟುಕೊಳ್ಳಿ. ಓಡುವಾಗ ಪಿಸ್ಟನ್ನಿನ ಸ್ಕರ್ಟೂ ಗೋಡೆಯೂ ತಲಾ 80 ಡಿಗ್ರಿ ಬಿಸಿಯೇರಿದರೆ ಪಿಸ್ಟನ್ 0.076 ಮಿ.ಮೀ., ಬೋರ್ 0.044 ಮಿ.ಮೀ. ಹಿಗ್ಗುತ್ತವೆ. 0.032 ಕಳೆದುಹೋಗಿ 0.013 ಮಿ.ಮೀ. ಉಳಿಯುತ್ತದೆ. ಅಷ್ಟರಲ್ಲಿ ಎಣ್ಣೆಯ ಪದರು ಕೂಡಬೇಕು. ಇನ್ನು ನಮ್ಮ ಮೇ ತಿಂಗಳು. 25 ಡಿಗ್ರಿಯ ಊರಿನ ಬದಲು 42 ಡಿಗ್ರಿಯ ಊರಿನಲ್ಲಿ ಓಡಿಸುತ್ತಿದ್ದೇವೆ, ಆ 17 ಡಿಗ್ರಿಯೂ ಪೂರ್ತಿಯಾಗಿ ಎರಡೂ ಲೋಹಗಳ ಮೇಲೆ ಬಿದ್ದಿತು ಎಂದೇ ಒಪ್ಪೋಣ. ಆಗ ಹೆಚ್ಚುವರಿಯಾಗಿ ಕಳೆದುಹೋಗುವ ಸಡಿಲ ಎಷ್ಟು? 50ನ್ನು 8ರಿಂದ, 17ರಿಂದ ಗುಣಿಸಿ ಹತ್ತು ಲಕ್ಷದಿಂದ ಭಾಗಿಸಿದರೆ 0.0068 ಮಿ.ಮೀ. ಕಾಲು ಥೌಗಿಂತ ಒಂದು ಕೂದಲು ಹೆಚ್ಚು, ಅಷ್ಟೆ. ಬೋರಿನ ಗೋಡೆ ಅಲ್ಯೂಮಿನಿಯಂ ಹೊದಿಕೆಯೊಳಗಿನ ಕಬ್ಬಿಣದ ಲೈನರ್ ಆಗಿದ್ದರೆ ಅದೂ ಸ್ವಲ್ಪ ಹೆಚ್ಚು ಹಿಗ್ಗುವುದರಿಂದ ಈ ಲೆಕ್ಕ ಇನ್ನೂ ಕಡಿಮೆಯಾಗುತ್ತದೆ. ಬಿಸಿಲು ಕೇಳುವುದು ಕಾಲು ಥೌ, ನಾವು ಕೊಡುತ್ತಿರುವುದು ಎರಡು. ಏಳು ಪಟ್ಟಿಗೂ ಹೆಚ್ಚು.

ಹಾಗಾದರೆ ಎಂಜಿನ್ ಹಿಡಿಯುವುದೇಕೆ? ಇದೇ ಲೆಕ್ಕವನ್ನು ಬೇರೆ ದಿಕ್ಕಿನಲ್ಲಿ ಮಾಡಿ ನೋಡಿ. ಗೋಡೆ ಅಷ್ಟೇ ಬಿಸಿಯಾಗಿದ್ದು, ಪಿಸ್ಟನ್ ಒಂದೇ 35 ಡಿಗ್ರಿ ಹೆಚ್ಚು ಕಾದರೆ ಅದು ಇನ್ನೂ 0.033 ಮಿ.ಮೀ. ಹಿಗ್ಗುತ್ತದೆ. ನಮ್ಮಲ್ಲಿ ಉಳಿದಿದ್ದದ್ದು 0.013 ಮಾತ್ರ. ಪಿಸ್ಟನ್ ಗೋಡೆಯನ್ನು ಕಚ್ಚಿತು. ಪಿಸ್ಟನ್ ಮಾತ್ರ ಹೀಗೆ ಕಾಯುವುದು ಊರಿನ ಬಿಸಿಲಿನಿಂದಲ್ಲ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದ ‘ಲೀನ್’ ಮಿಶ್ರಣ, ಮುಂದೆ ಸರಿದ ಇಗ್ನಿಷನ್ ಟೈಮಿಂಗ್, ಮಸಿ ಕಟ್ಟಿದ ಸೈಲೆನ್ಸರ್, ಮಣ್ಣು ಮೆತ್ತಿದ ಫಿನ್ನುಗಳು, ಕಡಿಮೆ ಬಿದ್ದ ಎಣ್ಣೆ - ಇವು ಕಾರಣ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮಿಶ್ರಣ ಬರಿಯ ಇಂಧನವಲ್ಲ. ಕ್ರ್ಯಾಂಕ್‌ಕೇಸ್ ಮೂಲಕ ಹಾದುಹೋಗುವಾಗ ಪಿಸ್ಟನ್ನಿನ ಹೊಟ್ಟೆಯನ್ನು ತಂಪು ಮಾಡುವುದೂ ಅದೇ. ಹೆಚ್ಚಿನ ಎಂಜಿನ್ನುಗಳಲ್ಲಿ ಎಣ್ಣೆಯನ್ನು ಹೊತ್ತು ತರುವುದೂ ಅದೇ. ಮಿಶ್ರಣ ತೆಳುವಾದರೆ ಉರಿ ಹೆಚ್ಚುತ್ತದೆ, ತಂಪು ತಗ್ಗುತ್ತದೆ, ಎಣ್ಣೆಯೂ ತಗ್ಗುತ್ತದೆ, ಮೂರೂ ಒಟ್ಟಿಗೆ.

ಇಲ್ಲಿ ಒಂದು ಪ್ರಾಮಾಣಿಕ ಆಕ್ಷೇಪ ಬರುತ್ತದೆ. ಎರಡು ಥೌ ಹೆಚ್ಚಿಟ್ಟಿದ್ದರೆ 0.013ರ ಬದಲು 0.064 ಉಳಿದಿರುತ್ತಿತ್ತು. 0.033 ಹೋದರೂ ಎಂಜಿನ್ ಹಿಡಿಯುತ್ತಿರಲಿಲ್ಲವಲ್ಲ? ನಿಜ. ಆ ದಿನ ಹಿಡಿಯುತ್ತಿರಲಿಲ್ಲ. ಸೂತ್ರ ಇಷ್ಟು ವರ್ಷ ಬದುಕಿರುವುದು ಇದರಿಂದಲೇ. ಅದು ಜ್ವರವನ್ನು ಬಿಟ್ಟು ಜ್ವರಮಾಪಕವನ್ನು ಅಡಗಿಸುವ ಉಪಾಯ.

ಇದಕ್ಕೆ ನನ್ನದೇ ಸಾಕ್ಷ್ಯವಿದೆ. ನನ್ನ ಆರ್‌ಎಕ್ಸ್ 100 ಒಂದು ಬೇಸಿಗೆಯ ಮಧ್ಯಾಹ್ನ ಬಾಗೇವಾಡಿಯಿಂದ ಮುದ್ದೇಬಿಹಾಳದ ಕಡೆಗೆ ಹೋಗುವಾಗ ಹಿಡಿದುಕೊಂಡಿತು. ಕ್ಲಚ್ ಒತ್ತಿದ್ದರಿಂದ ಬೀಳದೆ ಉಳಿದೆ. ಬ್ಲಾಕನ್ನು 50ರ ಸೈಜಿಗೆ ಬೋರ್ ಮಾಡಿಸಿ, ಬಿಸಿಲ ನಾಡಿನ ಎರಡು ಥೌ ಸೇರಿಸಿ ಜೋಡಿಸಿದರು. ತಣ್ಣಗಿರುವಾಗ ಡಬ್ಬಿಯಲ್ಲಿ ಕಲ್ಲು ಆಡಿಸಿದಂತೆ ಸದ್ದು ಬರುತ್ತಿತ್ತು, ಆದರೆ ಎಂಜಿನ್ ಹಿಡಿಯಲಿಲ್ಲ. ಒಂದು ವರ್ಷ ನಾನೂ ಸೂತ್ರವನ್ನು ಹೊಗಳಿಕೊಂಡು ತಿರುಗಾಡಿದೆ. ಆಮೇಲೆ ಒಂದು ದಿನ ಎಂಜಿನ್ ಸದ್ದಿಲ್ಲದೆ ನಿಂತಿತು. ಬಿಚ್ಚಿದರೆ ಪಿಸ್ಟನ್ನಿನ ತಲೆಯಲ್ಲಿ ಕಡಲೆಕಾಳಿನಷ್ಟು ತೂತು. ಆಗ ಹುಡುಕಿದಾಗ ಸಿಕ್ಕ ಕಳ್ಳ ಮ್ಯಾಗ್ನೆಟೊ ಬದಿಯ ಕ್ರ್ಯಾಂಕ್ ಆಯಿಲ್ ಸೀಲ್. ರಬ್ಬರ್ ಒಣಗಿ ಗಟ್ಟಿಯಾಗಿ, ಆ ಸಂದಿನಿಂದ ಗಾಳಿ ಒಳಗೆಳೆದುಕೊಂಡು ಮಿಶ್ರಣ ತೆಳುವಾಗುತ್ತಿತ್ತು. ಮೊದಲ ಸಲ ಹಿಡಿದದ್ದೂ ಅದೇ ಕಾರಣಕ್ಕೆ. ಅಂದು ಆ ಸೀಲ್ ಬದಲಿಸಿದ್ದರೆ ಎರಡನೆಯ ಪಿಸ್ಟನ್ ಉಳಿಯುತ್ತಿತ್ತು.

ಹಿಡಿದ ಪಿಸ್ಟನ್ ಎಂದೂ ಸುಮ್ಮನಿರುವುದಿಲ್ಲ, ಹಿಡಿದದ್ದೇಕೆಂದು ಮೈಮೇಲೆ ಬರೆದುಕೊಂಡಿರುತ್ತದೆ. ಗ್ಯಾರೇಜುಗಳ ಬಗ್ಗೆ ನನ್ನ ದೊಡ್ಡ ದೂರು ಇದೇ: ಅದನ್ನು ಓದದೆ ಗುಜರಿ ಡಬ್ಬಿಗೆ ಎಸೆಯುತ್ತಾರೆ. ಎಕ್ಸಾಸ್ಟ್ ಕಿಂಡಿಯ ಬದಿಯಲ್ಲಿ ಮಾತ್ರ ಉದ್ದನೆಯ ಗೀರುಗಳಿದ್ದರೆ ಮಿಶ್ರಣ ತೆಳು, ಇಲ್ಲವೆ ಅತಿ ಕಾವು. ಸುತ್ತಲೂ ಗೀರಿದ್ದರೆ ಎಣ್ಣೆಯೇ ಬರಲಿಲ್ಲ. ಗಾಳಿ ಒಳಬರುವ ಬದಿಯಲ್ಲಿ ಬೂದುಬಣ್ಣಕ್ಕೆ ತಿರುಗಿ ಸವೆದಿದ್ದರೆ ಅದು ಧೂಳು. ಏರ್ ಫಿಲ್ಟರ್ ನೋಡಬೇಕು. ನಮ್ಮ ಎರೆ ಭೂಮಿಯ ದಾರಿಗಳಲ್ಲಿ ಇದು ಅಪರೂಪವಲ್ಲ. ಪಿನ್ನಿನ ಎರಡೂ ಪಕ್ಕಗಳಲ್ಲಿ, ಒಟ್ಟು ನಾಲ್ಕು ಮೂಲೆಗಳಲ್ಲಿ ಗುರುತು ಬಿದ್ದಿದ್ದರೆ ಮಾತ್ರ ಸಡಿಲ ಸಾಲಲಿಲ್ಲ ಎಂದು ಶಂಕಿಸಬಹುದು. ಅದೂ ಖಚಿತವಲ್ಲ. ತಣ್ಣನೆಯ ಎಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ಜೋರಾಗಿ ಎಬ್ಬಿಸಿದರೂ, ಗೋಡೆ ಕಾಯುವ ಮೊದಲೇ ಪಿಸ್ಟನ್ ಹಿಗ್ಗಿ ಇದೇ ಗುರುತು ಬೀಳುತ್ತದೆ. ಈ ನಾಲ್ಕು ಓದುಗಳಲ್ಲಿ ಕ್ಲಿಯರೆನ್ಸಿಗೆ ಸಂಬಂಧಿಸಿದ್ದು ಒಂದೇ. ಚಿಕಿತ್ಸೆ ಮಾತ್ರ ನಾಲ್ಕಕ್ಕೂ ಒಂದೇ ಆಗಿಬಿಟ್ಟಿದೆ.

ಹೆಚ್ಚು ಸಡಿಲ ಇಟ್ಟರೆ ಸದ್ದು ಬಿಟ್ಟರೆ ಬೇರೇನು ನಷ್ಟ ಎಂದು ಕೇಳುವವರಿದ್ದಾರೆ. ಸಡಿಲ ಪಿಸ್ಟನ್ ಬೋರಿನಲ್ಲಿ ನೆಟ್ಟಗೆ ನಿಲ್ಲದೆ ತೂಗಾಡುತ್ತದೆ. ರಿಂಗಿನ ಅಂಚು ಗೋಡೆಗೆ ಸಮನಾಗಿ ಕೂಡದೆ ಬೇಗ ಸವೆಯುತ್ತದೆ, ಬೆಂಕಿಯ ಅನಿಲ ರಿಂಗು ದಾಟಿ ಸ್ಕರ್ಟನ್ನು ಸುಡುತ್ತದೆ. ಪಿಸ್ಟನ್ನಿನ ಕಾವು ಗೋಡೆಗೆ ಇಳಿಯಬೇಕಾದದ್ದು ರಿಂಗು ಮತ್ತು ಸ್ಕರ್ಟಿನ ಮೂಲಕ; ಆ ಸಂಪರ್ಕ ಕೆಟ್ಟರೆ ಪಿಸ್ಟನ್ ಇನ್ನೂ ಕಾಯುತ್ತದೆ. ಟೂ-ಸ್ಟ್ರೋಕಿನಲ್ಲಿ ಮತ್ತೊಂದು ವಿಶೇಷವಿದೆ. ಪಿಸ್ಟನ್ ಮೇಲಿರುವಾಗ ಎಕ್ಸಾಸ್ಟ್ ಕಿಂಡಿಯನ್ನು ಕ್ರ್ಯಾಂಕ್‌ಕೇಸಿನಿಂದ ಬೇರ್ಪಡಿಸಿ ಹಿಡಿಯುವುದು ಸ್ಕರ್ಟೇ. ಅಂದರೆ ಸ್ಕರ್ಟ್ ಇಲ್ಲಿ ವಾಲ್ವಿನ ಕೆಲಸವನ್ನೂ ಮಾಡುತ್ತದೆ. ಅದು ಸಡಿಲವಾದರೆ ಕ್ರ್ಯಾಂಕ್‌ಕೇಸಿನ ಎಳೆತ ತಗ್ಗಿ ಕಿಕ್ ಹೊಡೆದು ಹೊಡೆದು ಕಾಲು ಸೋಲುತ್ತದೆ. ಈ ಗಾತ್ರದ ಎಂಜಿನ್ನುಗಳಲ್ಲಿ ಸಡಿಲ ಸುಮಾರು 0.1 ಮಿ.ಮೀ. ಮುಟ್ಟಿದರೆ ಸವೆತದ ಮಿತಿ ಮುಗಿಯಿತೆಂದೇ ಲೆಕ್ಕ. ಪುಸ್ತಕದ ಎರಡು ಥೌಗೆ ಬಿಸಿಲಿನ ಎರಡು ಥೌ ಸೇರಿದರೆ 0.1 ಮಿ.ಮೀ. ಆಯಿತಲ್ಲ! ಹೊಸ ಪಿಸ್ಟನ್ನಿಗೆ ದುಡ್ಡು ಕೊಟ್ಟು, ಸವೆದು ಮುಗಿದ ಎಂಜಿನ್ನನ್ನು ಮನೆಗೆ ತರುತ್ತಿದ್ದೇವೆ.

ಇಷ್ಟೆಲ್ಲ ಆದಮೇಲೂ ಮೆಕ್ಯಾನಿಕ್ಕನ್ನು ಒಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಅವನ ಎರಡು ಥೌ ಅನೇಕ ಸಲ ಬಿಸಿಲಿಗಾಗಿ ಇಟ್ಟದ್ದಲ್ಲ, ಬೇರೆಯವರ ತಪ್ಪಿಗೆ ಕಟ್ಟಿದ ವಿಮೆ. ತಾಲ್ಲೂಕಿನ ಗ್ಯಾರೇಜಿನವನು ಬ್ಲಾಕನ್ನು ಬೋರಿಂಗ್ ಯಂತ್ರವಿರುವ ಊರಿಗೆ ಬಸ್ಸಿನಲ್ಲಿ ಕಳಿಸುತ್ತಾನೆ. ಪಿಸ್ಟನ್ ಇನ್ನೂ ಅಂಗಡಿಯಲ್ಲೇ ಇರುತ್ತದೆ. ಯಂತ್ರದವನಿಗೆ ಸಿಗುವುದು ‘25 ಸೈಜ್’ ಎಂಬ ಎರಡು ಮಾತು. ಅವನು 50.25ಕ್ಕೆ ಬೋರ್ ಮಾಡುತ್ತಾನೆ. ಆದರೆ ಡಬ್ಬಿಯ ಮೇಲಿನ 0.25 ಎಂಬುದು ಮೆಟ್ಟಿಲಿನ ಹೆಸರು, ಪಿಸ್ಟನ್ನಿನ ಅಳತೆಯಲ್ಲ. ಒಂದು ತಯಾರಿಕೆಯ ಪಿಸ್ಟನ್ 50.21 ಇರಬಹುದು, ಇನ್ನೊಂದು 50.23 ಇರಬಹುದು. ಮೊದಲನೆಯದಕ್ಕೆ 0.04 ಸಡಿಲ ಸಿಕ್ಕಿತು, ಎರಡನೆಯದಕ್ಕೆ ಬರಿಯ 0.02. ಎರಡನೆಯದು ಹಿಡಿದೇ ಹಿಡಿಯುತ್ತದೆ, ಅಪವಾದ ಬಿಸಿಲಿನ ಮೇಲೆ! ಇದಕ್ಕೆ ಯಂತ್ರದ ಸವೆತವನ್ನೂ ಸೇರಿಸಿ. ಹೋನಿಂಗ್‌ಗೆ ಅಂಶ ಉಳಿಸದೆ ನೇರವಾಗಿ ಕೊನೆಯ ಅಳತೆಗೆ ಕೊರೆದ ಬೋರು ಮೇಲೊಂದು ಕೆಳಗೊಂದು ಇರುತ್ತದೆ. ಎರಡು-ಮೂರು ನೂರಂಶ ಮಿಲಿಮೀಟರ್ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಸರಾಸರಿ 0.045 ಇದ್ದರೂ ಎಲ್ಲೋ ಒಂದು ಕಡೆ ಅದು 0.03ಕ್ಕೂ ಇಳಿದಿರುತ್ತದೆ. ಇದನ್ನು ಅಳೆಯುವ ಉಪಕರಣ ತನ್ನ ಬಳಿ ಇಲ್ಲದಿರುವಾಗ ಮೆಕ್ಯಾನಿಕ್ ‘ಸಡ್ಲ ಇರ್ಲಿ’ ಎನ್ನುವುದು ದಡ್ಡತನವಲ್ಲ.

ಅಳೆಯುವ ಉಪಕರಣ ಎಂದೆ. ಗ್ಯಾರೇಜುಗಳಲ್ಲಿ ಕಾಣುವುದು ಸಾಮಾನ್ಯವಾಗಿ ವರ್ನಿಯರ್. ಅದರ ಅತಿ ಚಿಕ್ಕ ಅಳತೆಯೇ 0.02 ಮಿ.ಮೀ. ಪಿಸ್ಟನ್ನನ್ನೂ ಬೋರನ್ನೂ ಅದರಿಂದಲೇ ಅಳೆದು ಕಳೆದರೆ ಎರಡೂ ಅಳತೆಗಳ ತಪ್ಪು ಸೇರಿ, ನಾವು ಹುಡುಕುತ್ತಿರುವ 0.04ರಷ್ಟೇ ದೊಡ್ಡದಾಗಬಹುದು. ಅಕ್ಕಸಾಲಿಗನ ಕೆಲಸಕ್ಕೆ ಮಂಡಿಯ ತಕ್ಕಡಿ ತಂದಂತೆ. ಪಿಸ್ಟನ್ನಿಗೆ ಮೈಕ್ರೋಮೀಟರ್, ಬೋರಿಗೆ ಡಯಲ್ ಬೋರ್ ಗೇಜ್ ಬೇಕೇ ಬೇಕು. ‘ಒಣ ಪಿಸ್ಟನ್ ತನ್ನ ಭಾರಕ್ಕೆ ತಾನೇ ಜಾರಿದರೆ ಸರಿ’ ಎಂಬ ಕೈಪರೀಕ್ಷೆ 0.03ರ ಪಿಸ್ಟನ್ನನ್ನೂ ಪಾಸು ಮಾಡುತ್ತದೆ, 0.1ರ ಪಿಸ್ಟನ್ನನ್ನೂ ಪಾಸು ಮಾಡುತ್ತದೆ. ಎಲ್ಲರನ್ನೂ ಪಾಸು ಮಾಡುವ ಪರೀಕ್ಷೆಯಿಂದ ಏನು ತಿಳಿಯುತ್ತದೆ?

ಎಲ್ಲಿ ಅಳೆಯಬೇಕು ಎಂಬುದೂ ಅಷ್ಟೇ ಮುಖ್ಯ. ಪಿಸ್ಟನ್ ದುಂಡಗಿರುವುದಿಲ್ಲ, ನೆಟ್ಟಗೂ ಇರುವುದಿಲ್ಲ. ಪಿನ್ನಿನ ದಿಕ್ಕಿನಲ್ಲಿ ಕಿರಿದು, ಅದಕ್ಕೆ ಅಡ್ಡಲಾಗಿ ಹಿರಿದು. ಕಾವು ಹೆಚ್ಚಿರುವ ತಲೆಯ ಕಡೆ ಕಿರಿದು, ಸ್ಕರ್ಟಿನ ಕಡೆ ಹಿರಿದು. ಆದ್ದರಿಂದ ಸ್ಕರ್ಟಿನ ಕೆಳ ಅಂಚಿನಿಂದ ತಯಾರಕರು ಹೇಳಿದ ಎತ್ತರದಲ್ಲಿ, ಪಿನ್ನಿಗೆ ಅಡ್ಡಲಾಗಿ ಅಳೆದ ಅಂಕಿಯೇ ಪಿಸ್ಟನ್ನಿನ ಅಳತೆ. ತಲೆಯ ಹತ್ತಿರ ಅಳೆದವನಿಗೆ ಇಲ್ಲದ ಸಡಿಲ ಕಾಣುತ್ತದೆ. ಬೋರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಹೀಗೆ ಆರು ಸಲ ನೋಡಬೇಕು. ಸಡಿಲದ ಲೆಕ್ಕಕ್ಕೆ ಆರರಲ್ಲಿ ಚಿಕ್ಕದನ್ನು ಹಿಡಿಯಬೇಕು. ಆರೂ ಅಂಕಿಗಳು ಒಂದರಿಂದ ಒಂದೂವರೆ ನೂರಂಶಕ್ಕಿಂತ ಹೆಚ್ಚು ಚದುರಿದ್ದರೆ ಬ್ಲಾಕನ್ನು ಯಂತ್ರದವನಿಗೆ ಹಿಂದಿರುಗಿಸುವುದೇ ಸರಿ.

ಬಿಸಿಲಿನ ನಿಜವಾದ ಸ್ಥಾನ ಇಲ್ಲಿದೆ. ಓಡುವಾಗ ಅಲ್ಲ, ಅಳೆಯುವಾಗ. ಅಳತೆಗಳಿಗೆ ಜಗತ್ತು ಒಪ್ಪಿರುವ ಉಷ್ಣತೆ 20 ಡಿಗ್ರಿ. ನಮ್ಮ ತಗಡಿನ ಶೆಡ್ಡಿನಲ್ಲಿ ಅದು ಕನಸು, ಇರಲಿ. ಪಿಸ್ಟನ್ ಮತ್ತು ಬ್ಲಾಕು ಎರಡೂ 42 ಡಿಗ್ರಿಯಲ್ಲೇ ಇದ್ದರೆ ಸಡಿಲ ಒಂಬತ್ತು ಸಾವಿರಾಂಶ ಮಿಲಿಮೀಟರಿನಷ್ಟು ಕಡಿಮೆ ತೋರಬಹುದು, ಹೆಚ್ಚು ಹಾನಿಯಿಲ್ಲ. ಅವೆರಡರ ಉಷ್ಣತೆ ಬೇರೆ ಬೇರೆ ಇದ್ದಾಗಲೇ ತೊಂದರೆ. ಬೋರಿಂಗ್ ಯಂತ್ರದಿಂದ ಆಗಷ್ಟೇ ಇಳಿಸಿದ ಬ್ಲಾಕು ಪಿಸ್ಟನ್ನಿಗಿಂತ 30 ಡಿಗ್ರಿ ಬಿಸಿ ಇದ್ದರೆ ಬೋರ್ 0.016 ಮಿ.ಮೀ. ದೊಡ್ಡದಾಗಿ ಕಾಣುತ್ತದೆ. 0.04 ಎಂದು ನಂಬಿ ಜೋಡಿಸಿದ್ದು ತಣಿದ ಮೇಲೆ 0.024. ‘ಪುಸ್ತಕದ ಪ್ರಕಾರವೇ ಇಟ್ಟಿದ್ದೆ, ಆದರೂ ಹಿಡಿಯಿತು’ ಎನ್ನುವವರ ಅನುಭವದಲ್ಲಿ ಇಂಥ ಕಥೆಗಳೂ ಇವೆ ಎಂದು ನನ್ನ ಊಹೆ. ಬ್ಲಾಕು ಪಿಸ್ಟನ್ನುಗಳನ್ನು ನೆರಳಿನಲ್ಲಿ ಒಂದೇ ಕಲ್ಲಿನ ಮೇಲೆ ಎರಡು ತಾಸು ಜೊತೆಗಿಟ್ಟು, ಸಾಧ್ಯವಾದರೆ ಬೆಳಿಗ್ಗೆ ಅಳೆದರೆ ಈ ತಪ್ಪು ಹೋಗುತ್ತದೆ. ಇದಕ್ಕೆ ಖರ್ಚೇನೂ ಇಲ್ಲ.

ಪುಸ್ತಕಗಳನ್ನೂ ಸುಮ್ಮನೆ ಬಿಡುವಂತಿಲ್ಲ. ತಯಾರಕರ ಕೈಪಿಡಿ ಅಂಕಿಯನ್ನು ಕೊಡುತ್ತದೆ, ಕಾರಣವನ್ನು ಕೊಡುವುದಿಲ್ಲ, ಅದೂ ಇಂಗ್ಲಿಷಿನಲ್ಲಿ. ಕಾರಣ ತಿಳಿಯದ ಅಂಕಿಯನ್ನು ಬದಲಾಯಿಸಲು ಯಾರಿಗೂ ಅಳುಕಿರುವುದಿಲ್ಲ. ನಮ್ಮ ಕನ್ನಡದ ತಾಂತ್ರಿಕ ಬರಹ ಕ್ಲಿಯರೆನ್ಸಿಗೆ ತೆರಪು ಎನ್ನಬೇಕೋ ಎಡೆ ಎನ್ನಬೇಕೋ ಎಂಬಲ್ಲೇ ದಣಿದು, ಗ್ಯಾರೇಜಿನವರು ‘ಸಡ್ಲ’ ಎಂದು ಯಾವಾಗಲೋ ತೀರ್ಮಾನಿಸಿಯಾಗಿದೆ ಎಂಬುದನ್ನು ಗಮನಿಸಲಿಲ್ಲ. ಮೇಲಿನ ಗುಣಾಕಾರ ಎಸ್ಸೆಸ್ಸೆಲ್ಸಿ ಮುಟ್ಟಿದ ಯಾವ ಹುಡುಗನಿಗೂ ಬರುತ್ತದೆ. ಅದನ್ನು ಅವನ ಕೈಗೆ ಕೊಟ್ಟವರು ಕಡಿಮೆ.

ಸ್ಪ್ರೇಯರ್ ಮತ್ತು ಕಳೆ ಕತ್ತರಿಸುವ ಯಂತ್ರಗಳ ವಿಷಯ ಬೇರೆ. ಅವುಗಳಲ್ಲಿ ಅನೇಕಕ್ಕೆ ಕಬ್ಬಿಣದ ಗೋಡೆಯೇ ಇಲ್ಲ. ಅಲ್ಯೂಮಿನಿಯಂ ಸಿಲಿಂಡರಿನ ಒಳಗೆ ಕ್ರೋಮಿಯಂ ಅಥವಾ ನಿಕ್ಕಲ್ ಆಧಾರಿತ ತೆಳು ಲೇಪ. ಗೋಡೆಯೂ ಪಿಸ್ಟನ್ನಿನೊಂದಿಗೆ ಹೆಚ್ಚು ಕಡಿಮೆ ಸಮನಾಗಿ ಹಿಗ್ಗುವುದರಿಂದ ಇವು ಇನ್ನೂ ಬಿಗಿಯಾಗಿ ಕೂಡಬಲ್ಲವು. ಅಂಗುಲಕ್ಕೊಂದು ಥೌ ಎಂಬ ನಿಯಮವೇ ಇಲ್ಲಿ ಅನ್ವಯಿಸದು. ಇಂಥ ಸಿಲಿಂಡರನ್ನು ಬೋರ್ ಮಾಡಿದರೆ ಲೇಪ ಹೋಗಿ ಅದು ಕೆಲಸಕ್ಕೆ ಬಾರದು. ಎಮರಿ ಕಾಗದದಿಂದ ಉಜ್ಜಿದರೂ ಲೇಪಕ್ಕೆ ಪೆಟ್ಟು. ಬದಲಿಸುವುದಾದರೆ ಸಿಲಿಂಡರ್-ಪಿಸ್ಟನ್ ಜೋಡಿಯಾಗಿಯೇ ಬದಲಿಸಬೇಕು.

ಕೊನೆಗೆ, ಇತ್ತೀಚೆಗೆ ಈ ಸೂತ್ರಕ್ಕೆ ಹೊಸ ಬಲ ತಂದಿರುವ ಎಥನಾಲ್ ಪೆಟ್ರೋಲಿನ ಬಗ್ಗೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. 2025ರಲ್ಲಿ ದೇಶ ಆ ಮಟ್ಟವನ್ನು ಮುಟ್ಟಿತು. ಬರಿಯ ಪೆಟ್ರೋಲ್ ಪೂರ್ತಿ ಉರಿಯಲು ತನ್ನ ತೂಕದ 14.7 ಪಟ್ಟು ಗಾಳಿ ಬೇಕು, ಈ ಮಿಶ್ರಣಕ್ಕೆ ಸುಮಾರು 13.5 ಪಟ್ಟು. ಹಳೆಯ ಕಾರ್ಬ್ಯುರೇಟರಿನ ಜೆಟ್ಟಿಗೆ ಇದು ತಿಳಿಯದು. ಅದು ಮೊದಲಿನಷ್ಟೇ ಇಂಧನ ಬಿಡುತ್ತದೆ, ಮಿಶ್ರಣ ಶೇ. 7-8ರಷ್ಟು ತೆಳುವಾಗುತ್ತದೆ. ಎಥನಾಲ್ ಆವಿಯಾಗುವಾಗ ಹೆಚ್ಚು ತಂಪು ಮಾಡುವುದರಿಂದ ಇದರಲ್ಲಿ ಒಂದು ಪಾಲು ಸರಿದೂಗಬಹುದು, ಆದರೆ ಮೊದಲೇ ತೆಳು ಓಡುತ್ತಿದ್ದ ಎಂಜಿನ್ನಿಗೆ ಉಳಿದ ಪಾಲೇ ಸಾಕು. ಹೀಗೆ ಹಿಡಿದ ಎಂಜಿನ್ನುಗಳಿಗೂ ಈಗ ಬೋರ್ ಸಡಿಲ ಮಾಡುವ ಚಿಕಿತ್ಸೆ ಶುರುವಾಗಿದೆ. ಮೇನ್ ಜೆಟ್ಟನ್ನು ಒಂದು ಸೈಜ್ ದೊಡ್ಡದು ಹಾಕಿ, ಪ್ಲಗ್ಗಿನ ಬಣ್ಣ ಬೆಳ್ಳಗಿಲ್ಲದೆ ಚಹಾದ ಕಂದಿಗೆ ಬರುವವರೆಗೆ ನೋಡುವುದು ಸರಿಯಾದ ದಾರಿ. ಸ್ಪ್ರೇಯರಿನವರಿಗೆ ಇನ್ನೊಂದು ಮಾತು. ಎಥನಾಲ್ ನೀರು ಹೀರುತ್ತದೆ, ನೀರು ಹೆಚ್ಚಾದರೆ ತಳಕ್ಕೆ ಬೇರೆಯಾಗಿ ಇಳಿಯುತ್ತದೆ, ಆ ತಳದ ದ್ರವದಲ್ಲಿ ಎಣ್ಣೆ ಸರಿಯಾಗಿ ಬೆರೆತಿರುವುದಿಲ್ಲ. ಹಂಗಾಮು ಮುಗಿದ ಮೇಲೆ ಟ್ಯಾಂಕಿನಲ್ಲಿ ಉಳಿದ ಮಿಶ್ರಣವನ್ನು ಮುಂದಿನ ಚಾಟ್ನಿಗೆ ಬಳಸಬಾರದು. ಒಂದಕ್ಕೆ ಐವತ್ತು ಎಂದು ತಯಾರಕರು ಹೇಳಿದ್ದರೆ ಲೀಟರಿಗೆ 20 ಮಿ.ಲೀ. ಎಣ್ಣೆಯನ್ನು ಅಳೆದೇ ಹಾಕಬೇಕು. ಮುಚ್ಚಳದ ಅಂದಾಜು ನಡೆಯದು.

ಸಿಂದಗಿಯಿಂದಲೋ ಇಂಡಿಯಿಂದಲೋ ಬ್ಲಾಕು ಬೋರಿಂಗಿಗೆ ಹೊರಡುವಾಗ ಅದರ ಜೊತೆ ಪಿಸ್ಟನ್ನೂ ಹೊರಡಲಿ. ಒಂದು ಚೀಟಿಯಲ್ಲಿ ‘ಈ ಪಿಸ್ಟನ್ ಅಳೆದು, ಅದಕ್ಕೆ 0.045 ಸೇರಿಸಿ, ಹೋನ್ ಮಾಡಿ, ಕಿಂಡಿಗಳ ಅಂಚು ಮುರಿದು ಕೊಡಿರಿ’ ಎಂದು ಬರೆದಿಡಿ. 65 ಮಿ.ಮೀ. ಬೋರಿನ ಯೆಜ್ಡಿಯಾಗಿದ್ದರೆ ಅಂಗುಲದ ಲೆಕ್ಕದಲ್ಲಿ ಸಡಿಲ 0.065ರ ಹತ್ತಿರ ಬರುತ್ತದೆ, ಚೀಟಿಯಲ್ಲಿ ಅದನ್ನೇ ಬರೆಯಬೇಕು. ಹಳೆಯ ಪಿಸ್ಟನ್ನನ್ನು ಮಾತ್ರ ಗ್ಯಾರೇಜಿನ ಮೇಜಿನ ಮೇಲೆಯೇ ಇಟ್ಟುಕೊಳ್ಳಿ. ಹೊಸದು ವಾಪಸು ಬರುವುದರೊಳಗೆ ಅದರ ಗೀರುಗಳು ಯಾವ ಬದಿಯಲ್ಲಿವೆ ಎಂದು ನೋಡಿ, ಎರಡೂ ಆಯಿಲ್ ಸೀಲುಗಳನ್ನು ಬಿಚ್ಚಿ ಬದಲಿಸಬಹುದು.